ಚಂದಾ ಕಟ್ಟಿದ್ದು ಯಾರಿಗೆ?

ಪತ್ರಿಕೆಯ ಪ್ರಸರಣ ವಿಭಾಗಕ್ಕೆ ಹೊಸದಾಗಿ ಸೇರಿದ ಇಬ್ಬರು ಈಚೆಗೆ ತಳಕಿನ ನಮ್ಮ ಮನೆ ಹುಡುಕಿಕೊಂಡು ಬಂದಿದ್ದರು. ಒಬ್ಬ ಹುಡುಗ, ಒಬ್ಬಳು ಹುಡುಗಿ. ಬೆನ್ನಿಗೆ ಚೀಲ, ಕೊರಳಿಗೆ ಕಂಪನಿಯ ಗುರುತಿನ ಪಟ್ಟಿ. "ಸಾರ್, ಡಿಗ್ರಿ ಮುಗಿಸಿದೋರು ದುಡ್ಡು ಕೊಟ್ಟು ಸುದ್ದಿ ಓದೋ ಹಂಗೆ ಮಾಡೋದು ಹೆಂಗೆ? ಚಳ್ಳಕೆರೆ, ಮೊಳಕಾಲ್ಮುರಲ್ಲಿ ನೀವು ಒಂದ್ಸಲ ಮಾಡಿ ತೋರಿಸಿದ್ರಂತೆ" ಅಂದರು. ನನಗೆ ಖುಷಿಯಾಯಿತು. ನಿವೃತ್ತನಾದವನನ್ನು ಯಾರಾದರೂ ಏನಾದರೂ ಕೇಳಿದರೆ ಸಾಕು, ಬಾಯಿ ತಾನೇ ತೆರೆದುಕೊಳ್ಳುತ್ತದೆ. ಊಟ ಹಾಕಿಸಿ, ಮಧ್ಯಾಹ್ನವೆಲ್ಲ ಮಾತಾಡಿದೆ. ಬರುವಾಗ ಅವರಲ್ಲಿ ಇದ್ದ ತಿಳಿವಳಿಕೆಯೂ ಹೋಗುವಾಗ ಉಳಿದಿರುವಂತೆ ಕಾಣಲಿಲ್ಲ. ತಪ್ಪು ಅವರದ್ದಲ್ಲ. ನಡೆದದ್ದು ನನಗೇ ಇವತ್ತಿಗೂ ಸರಿಯಾಗಿ ಅರ್ಥವಾಗಿಲ್ಲ. ಬರೆದು ನೋಡಿದರೆ ಏನಾದರೂ ಹೊಳೆಯಬಹುದೇನೋ ಎಂದು ಕೂತಿದ್ದೇನೆ.

ನಾನು ಪ್ರಸರಣ ಪ್ರತಿನಿಧಿಯಾಗಿದ್ದವನು. ಅಂದರೆ ಸುದ್ದಿ ಬರೆಯುವವನಲ್ಲ, ಅಚ್ಚು ಹಾಕುವವನಲ್ಲ, ಬೆಳಿಗ್ಗೆ ಮನೆಮನೆಗೆ ಎಸೆಯುವವನೂ ಅಲ್ಲ. ಇವರೆಲ್ಲರ ನಡುವೆ ನಿಂತು ಎಲ್ಲರ ಕೈಲೂ ಬೈಸಿಕೊಳ್ಳುವವನು. ಬಸ್ಸಿನ ಟಾಪಿನ ಮೇಲಿಂದ ಬಂಡಲು ಬೀಳುವ ಹೊತ್ತಿಗೆ ಚಳ್ಳಕೆರೆ ನಿಲ್ದಾಣದಲ್ಲಿ ಇರಬೇಕು. ಮಳೆ ಬಂದು ನೆನೆದರೆ ಏಜೆಂಟರು ಬೈಯುತ್ತಾರೆ, ಪ್ರತಿ ಕಡಿಮೆಯಾದರೆ ಆಫೀಸಿನವರು ಬೈಯುತ್ತಾರೆ, ಯಾರದೋ ಮನೆಯ ಗೃಹಪ್ರವೇಶದ ಫೋಟೋ ಬರಲಿಲ್ಲವೆಂದರೆ ಓದುಗರು ಬೈಯುತ್ತಾರೆ. ಹೊಸಬರು ಇದನ್ನು ಮೊದಲು ತಿಳಿದುಕೊಳ್ಳುವುದು ಒಳ್ಳೆಯದು. ಬೈಗುಳ ತಿನ್ನಲಾಗದವರಿಗೆ ಬೇರೆ ಕೆಲಸಗಳು ಬೇಕಾದಷ್ಟಿವೆ.

ಓದಿದ ಹುಡುಗರನ್ನು ಹಿಡಿಯಬೇಕು ಎಂಬ ಹುಚ್ಚು ನಮ್ಮ ಆಫೀಸಿಗೆ ಈಗ ಬಂದದ್ದಲ್ಲ. ನಾನು ಸೇರಿದ ಹೊಸದರಲ್ಲೇ ಕೃಷ್ಣಮೂರ್ತಿ ಸಾಹೇಬರು ಎಂಬ ವ್ಯವಸ್ಥಾಪಕರು ಇದ್ದರು. ಗಟ್ಟಿ ಗಂಟಲು, ಒಳ್ಳೆಯ ಮನಸ್ಸು, ಮಾತು ಕೇಳುವ ಅಭ್ಯಾಸ ಇರಲಿಲ್ಲ. ಅವರು 'ಕಾಲೇಜು ಪ್ರತಿ' ಎಂಬ ಯೋಜನೆ ತಂದರು. ಹಾಸ್ಟೆಲಿನ ವಿದ್ಯಾರ್ಥಿಗಳಿಗೆ ಪತ್ರಿಕೆ ಬಹಳ ಅಗ್ಗ. ಕಾಲೇಜಲ್ಲಿ ರುಚಿ ಹತ್ತಿದರೆ ಮುಂದೆ ಸಂಬಳಗಾರರಾದ ಮೇಲೂ ಬಿಡುವುದಿಲ್ಲ ಎಂಬುದು ಅವರ ಲೆಕ್ಕಾಚಾರ. ಚಳ್ಳಕೆರೆಯ ಹಾಸ್ಟೆಲುಗಳಿಂದ ಬೇಡಿಕೆ ಏರಿದ್ದೇ ಏರಿದ್ದು. ಸಾಹೇಬರು ಆಫೀಸಿಗೆಲ್ಲ ಸಿಹಿ ಹಂಚಿದರು. ನಾನೂ ಎರಡು ಮೈಸೂರುಪಾಕು ತಿಂದೆ.

ಒಂದು ದಿನ ಪೇಟೆಯಲ್ಲಿ ಕಡಲೆಬೀಜ ಕೊಳ್ಳಲು ಒಂದು ಅಂಗಡಿಯ ಮುಂದೆ ನಿಂತೆ. ಅಂಗಡಿಯ ಸಾಬರು ಪೊಟ್ಟಣ ಕಟ್ಟಲು ಕೈಗೆತ್ತಿಕೊಂಡದ್ದು ಅವತ್ತಿನ ನಮ್ಮ ಪತ್ರಿಕೆ. ಹಿಂದೆ ನೋಡಿದರೆ ಬಂಡಲಿಗೆ ಬಂಡಲೇ ಕೂತಿದೆ. ನನ್ನ ಮುಖ ನೋಡಿ ಅವರು ಹೆಮ್ಮೆಯಿಂದಲೇ ಹೇಳಿದರು: "ತಾಜಾ ಮಾಲು ಸಾಬ್. ಹಾಸ್ಟೆಲ್ ಹುಡುಗ್ರು ತಂದು ಕೊಡ್ತಾರೆ. ಕಟ್ಟಿದ ದಾರಾನೂ ಬಿಚ್ಚಿರಲ್ಲ." ಅಗ್ಗಕ್ಕೆ ಕೊಟ್ಟ ಪತ್ರಿಕೆ ರದ್ದಿಯ ತೂಕಕ್ಕೆ ಹಾಕಿದರೂ ಹುಡುಗರಿಗೆ ಗಿಟ್ಟುತ್ತಿತ್ತು. ನಾನು ಓಡಿ ಹೋಗಿ ಸಾಹೇಬರಿಗೆ ವರದಿ ಒಪ್ಪಿಸಿದೆ. ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, "ಹಾಗಾದ್ರೆ ಪ್ರಸರಣ ಇಳಿದಿಲ್ಲ ಅಲ್ವೇನಯ್ಯಾ?" ಎಂದು ಕೇಳಿದರು. ಇಳಿದಿಲ್ಲ ಅಂದೆ. ಅದು ನಿಜವೂ ಆಗಿತ್ತು. ಓದುವುದು, ಕೊಳ್ಳುವುದು ಎರಡೂ ಬೇರೆ ಬೇರೆ ಸಂಗತಿಗಳು ಎಂಬ ಗೊಂದಲ ನನ್ನ ತಲೆಗೆ ಹೊಕ್ಕದ್ದು ಅವತ್ತು.

ಆಮೇಲೆ ಎಷ್ಟೋ ವರ್ಷ ಇಂಥ ಯೋಜನೆಗಳು ಬಂದವು, ಹೋದವು. ಅವನ್ನೆಲ್ಲ ಬಿಟ್ಟು ನನ್ನ ಕೊನೆಯ ವರ್ಷಗಳಿಗೆ ಬರುತ್ತೇನೆ. ಅಷ್ಟರಲ್ಲಿ ಪತ್ರಿಕೆ ಫೋನಿನೊಳಕ್ಕೆ ಹೋಗಿತ್ತು. ಬಂಡಲು ಇಳಿಸುವ ಕೆಲಸ ಅರ್ಧಕ್ಕರ್ಧ ಕಡಿಮೆಯಾಗಿ, ನನಗೆ ಬೆಳಿಗ್ಗೆ ಎದ್ದರೆ ಏನು ಮಾಡಬೇಕೆಂದೇ ತೋಚುತ್ತಿರಲಿಲ್ಲ. ಬೆಂಗಳೂರಿನಿಂದ ಪ್ರಣವ್ ಎಂಬ ಹೊಸ ಮುಖ್ಯಸ್ಥರು ಬಂದರು. ನನ್ನ ಮಗನ ವಯಸ್ಸು. ಮರ್ಯಾದಸ್ಥ ಹುಡುಗ, ನನ್ನನ್ನು "ತಿಪ್ಪೇಸ್ವಾಮಿ ಸರ್" ಎಂದೇ ಕರೆಯುತ್ತಿದ್ದರು. ಅವರು ಹೇಳಿದ್ದು ಇಷ್ಟು: ಮುದುಕರು ಕಾಗದದ ಪತ್ರಿಕೆ ಓದುತ್ತಾರೆ, ಓದಲಿ. ನಮಗೆ ಬೇಕಾದ್ದು ಈಗಷ್ಟೇ ಪದವಿ ಮುಗಿಸಿದವರು. ಅವರು ಫೋನಿನಲ್ಲಿ ಚಂದಾ ಕಟ್ಟಿ ಓದಬೇಕು. ಅಂಥವರನ್ನು ಹುಡುಕಲು ಅಂಥವರೇ ಬೇಕು ಎಂದು ಒಂದೆರಡು ತಾಲ್ಲೂಕಿಗೊಬ್ಬರಂತೆ ಪದವೀಧರರನ್ನು ಒಂದು ವರ್ಷದ ಕರಾರಿನ ಮೇಲೆ ತೆಗೆದುಕೊಂಡರು. ನಮ್ಮ ಎರಡು ತಾಲ್ಲೂಕಿಗೆ ಸೇರಿ ಬಂದವಳು ಲಾವಣ್ಯ.

ಲಾವಣ್ಯ ಮೊಳಕಾಲ್ಮುರಿನ ರೇಷ್ಮೆ ಸೀರೆ ನೇಯುವ ಮನೆಯ ಸೊಸೆ. ಬಿ.ಎ. ಮಾಡಿದ್ದಳು. ಗಂಡ ಮಗ್ಗದಲ್ಲಿ, ಅತ್ತೆ ನೂಲು ಸುತ್ತುವುದರಲ್ಲಿ. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಎರಡೂ ಒಂದೇ ಓಟದಲ್ಲಿ ಬರುತ್ತಿದ್ದವು. ವರ್ಷ ಮುಗಿಯುವುದರೊಳಗೆ ಹೇಳಿದಷ್ಟು ಚಂದಾದಾರರನ್ನು ಮಾಡಿದರೆ ಕೆಲಸ ಖಾಯಂ, ಇಲ್ಲವಾದರೆ ಮನೆಗೆ. ಮೊದಲ ದಿನವೇ ನಾನು ಕೇಳಿದೆ, ಈ ಕೆಲಸ ಯಾಕಮ್ಮಾ ನಿನಗೆ ಅಂತ. "ನಮ್ಮನೇರದ್ದು ಗುಂಡಿ ಮಗ್ಗ ಸಾರ್. ನೆಲ ತೋಡಿ ಕೂರಿಸಿರೋದು. ಎತ್ಕೊಂಡು ಇನ್ನೊಂದು ಊರಿಗೆ ಹೋಗಾಕಾಗಲ್ಲ. ಊರಾಗೇ ನಂದೊಂದು ಗಟ್ಟಿ ಸಂಬಳ ಇದ್ರೆ ಅವ್ರು ಮಗ್ಗ ಬಿಡೋದು ಬೇಡ. ಇಲ್ಲಾಂದ್ರೆ ಮಗ್ಗ ಮುಚ್ಚಿ ಇಬ್ರೂ ಎಲ್ಲಾದ್ರೂ ಕೂಲಿಗೆ ಹೋಗ್ಬೇಕು" ಎಂದಳು. ಅಷ್ಟು ಸ್ಪಷ್ಟವಾಗಿ ಯಾರೂ ನನಗೆ ತಮ್ಮ ಕೆಲಸದ ಕಾರಣ ಹೇಳಿರಲಿಲ್ಲ. ಅವಳನ್ನು ಖಾಯಂ ಮಾಡಿಸಿಯೇ ನಿವೃತ್ತನಾಗಬೇಕು ಅಂತ ನನಗೂ ಒಂದು ಹಟ ಹುಟ್ಟಿತು.

ನಮ್ಮ ಮೊದಲ ಶಿಬಿರ ಚಳ್ಳಕೆರೆಯಲ್ಲಿ. ಬಸ್ ನಿಲ್ದಾಣದ ಹತ್ತಿರ ಒಂದು ಮೇಜು, ಒಂದು ಛತ್ರಿ, 'ಪದವೀಧರರಿಗೆ ಮಾತ್ರ' ಎಂಬ ದೊಡ್ಡ ಬ್ಯಾನರು. ಮೊದಲ ಮೂರು ತಿಂಗಳು ಪುಕ್ಕಟೆ, ಆಮೇಲೆ ರಿಯಾಯಿತಿ ದರದಲ್ಲಿ ಚಂದಾ. ಪದವೀಧರರು ಹೌದೋ ಅಲ್ಲವೋ ತಿಳಿಯಲು ಅಂಕಪಟ್ಟಿಯ ಜೆರಾಕ್ಸ್ ತರಬೇಕು ಎಂದು ಪ್ರಣವ್ ನಿಯಮ ಹಾಕಿದ್ದರು. ಯಾರು ಬರುತ್ತಾರೆ ಬಿಡು, ಪತ್ರಿಕೆ ಓದಲು ಅಂಕಪಟ್ಟಿಯಾ ಅಂತ ನಾನು ಒಳಗೊಳಗೇ ನಗುತ್ತಿದ್ದೆ. ಹತ್ತು ಗಂಟೆಯ ಹೊತ್ತಿಗೆ ಸಾಲು ರಸ್ತೆಗೆ ಬಂತು.

ಆಟೋದಲ್ಲಿ ಬಂದರು, ಬೈಕಿನಲ್ಲಿ ಮೂವರು ಮೂವರು ಬಂದರು. ಜೆರಾಕ್ಸಿಗೆ ಗೆಜೆಟೆಡ್ ಅಧಿಕಾರಿಯ ಸಹಿ, ಮೊಹರು ಎಲ್ಲ ಹಾಕಿಸಿಕೊಂಡೇ ಬಂದಿದ್ದರು. ನಾವು ಕೇಳದ ಫೋಟೋ ಕೂಡ ತಂದಿದ್ದರು. ಹೆಂಡತಿಯದು, ತಮ್ಮನದು, ನಾದಿನಿಯದು ಅಂತ ಒಬ್ಬೊಬ್ಬರು ನಾಲ್ಕು ನಾಲ್ಕು ಅಂಕಪಟ್ಟಿ ಕೊಟ್ಟರು. ಶಿಬಿರ ನೋಡಲು ಬಂದಿದ್ದ ಪ್ರಣವ್ ಸಾಲಿನ ಫೋಟೋ ತೆಗೆದು ತೆಗೆದು ಬೆಂಗಳೂರಿಗೆ ಕಳಿಸಿದರು. ಲಾವಣ್ಯಳಿಗೆ ಬರೆದು ಬರೆದು ಕೈ ನೋವು ಬಂತು, ಮುಖ ಮಾತ್ರ ಅರಳಿತ್ತು. ನನ್ನ ಜನ್ಮದಲ್ಲಿ ಪತ್ರಿಕೆಗಾಗಿ ಜನ ಸಾಲು ನಿಂತದ್ದು ನೋಡಿರಲಿಲ್ಲ. ಏನೋ ಎಡವಟ್ಟಾಗಿದೆ ಅಂತ ಅನ್ನಿಸುತ್ತಲೇ ಇತ್ತು, ಆದರೆ ಏನೆಂದು ತಿಳಿಯಲಿಲ್ಲ.

ಮಧ್ಯಾಹ್ನ ಒಬ್ಬ ಹಿರಿಯ ಮೇಷ್ಟ್ರು ಮೇಜಿನ ಹತ್ತಿರ ಬಗ್ಗಿ, ಗುಟ್ಟಾಗಿ ಕೇಳಿದರು: "ತಿಪ್ಪೇಸ್ವಾಮಣ್ಣ, ನೀವು ಯಾವ ಕ್ಯಾಂಡಿಡೇಟ್ ಕಡೆಯೋರ್ರೀ?"

"ಯಾವ ಕ್ಯಾಂಡಿಡೇಟು ಮೇಷ್ಟ್ರೇ? ನಾವು ಪೇಪರ್‌ನೋರು."

"ಅದು ಗೊತ್ತೈತೆ. ಹಿಂದೆ ಯಾರವ್ರೆ ಹೇಳ್ರಿ."

ಆಗ ನನಗೆ ಹೊಳೆಯಿತು. ನಮ್ಮ ಕಡೆ ಅಂಕಪಟ್ಟಿಯ ಜೆರಾಕ್ಸ್ ಕೇಳಿಕೊಂಡು ಮೇಜು ಹಾಕುವುದು ಒಂದೇ ಕಾರಣಕ್ಕೆ. ವಿಧಾನ ಪರಿಷತ್ತಿಗೆ ಪದವೀಧರರೇ ಓಟು ಹಾಕುವ ಚುನಾವಣೆ ಇದೆಯಲ್ಲ, ಅದರ ಮತದಾರರ ಪಟ್ಟಿಗೆ ಹೆಸರು ಸೇರಿಸಲು. ನಿಲ್ಲಬೇಕೆಂದಿರುವವರ ಕಡೆಯವರೇ ಊರೂರು ತಿರುಗಿ ಹೆಸರು ಸೇರಿಸುತ್ತಾರೆ, ಆಮೇಲೆ ಒಂದು ಬ್ಯಾಗೋ ಡೈರಿಯೋ ಮನೆಗೆ ಬರುತ್ತದೆ. ಆ ಚುನಾವಣೆಯ ಗಾಳಿ ಆಗ ಬೀಸಲು ಶುರುವಾಗಿತ್ತು. ಜನ ನಮ್ಮನ್ನೂ ಹಾಗೇ ತಿಳಿದಿದ್ದರು. ಪತ್ರಿಕೆ ಎಂಬುದು ಈ ಸಲದ ಬ್ಯಾಗು. ಚಂದಾ ಅಂದರೆ ಕ್ಯಾಂಡಿಡೇಟು ಕಟ್ಟುತ್ತಾನೆ.

ನಾನು ಎದ್ದು ನಿಂತು ಕೂಗಿ ಹೇಳಿದೆ: ಇದು ಓಟಿನ ವಿಷಯ ಅಲ್ಲ, ಮೂರು ತಿಂಗಳಾದ ಮೇಲೆ ದುಡ್ಡು ನೀವೇ ಕಟ್ಟಬೇಕು. ಸಾಲಿನಲ್ಲಿದ್ದವರು ನಕ್ಕರು. "ಹಂಗೇ ಹೇಳ್ಬೇಕು ಬಿಡ್ರಿ, ಕಾನೂನೈತೆ" ಅಂದರು ಒಬ್ಬರು. ನಾನು ಹೇಳಿದಷ್ಟೂ ಅವರ ನಂಬಿಕೆ ಗಟ್ಟಿಯಾಯಿತು. ಪ್ರಣವ್‌ಗೆ ವಿಷಯ ಬಿಡಿಸಿ ಹೇಳಿದರೆ ಅವರು ನನ್ನನ್ನೇ ಅನುಮಾನದಿಂದ ನೋಡಿದರು, ಹೊಟ್ಟೆಕಿಚ್ಚಿನ ಮುದುಕ ಎಂಬಂತೆ. ಮೂರು ತಿಂಗಳು ಕಳೆದ ಮೇಲೆ ಚಂದಾ ಕಟ್ಟಿ ಎಂದು ಫೋನಿಗೆ ಸಂದೇಶ ಹೋಯಿತು. ಒಬ್ಬರೂ ಕಟ್ಟಲಿಲ್ಲ. ಬದಲಿಗೆ ಎಷ್ಟೋ ಜನ ಲಾವಣ್ಯಳಿಗೆ ಫೋನ್ ಮಾಡಿ, "ಅಕ್ಕ, ಕ್ಯಾಂಡಿಡೇಟ್ ಹಿಂದೆ ಸರಿದ್ರಾ?" ಎಂದು ವಿಚಾರಿಸಿದರು. ಆ ದಿನ ಅವಳು ಆಫೀಸಿನ ಮೂಲೆಯಲ್ಲಿ ಕೂತು ಅತ್ತಳು. ನನಗೆ ಸಮಾಧಾನ ಹೇಳಲು ಬರುವುದಿಲ್ಲ, ಎರಡು ಸಲ ಟೀ ತರಿಸಿದೆ.

ಇನ್ನು ಗೋಡೆಯ ವಿಷಯ. ಫೋನಿನಲ್ಲಿ ಸುದ್ದಿ ತೆರೆದರೆ ಮೊದಲ ಕೆಲವು ಸಾಲು ಎಲ್ಲರಿಗೂ ಕಾಣುತ್ತದೆ, ಆಮೇಲೆ 'ಮುಂದೆ ಓದಲು ಚಂದಾದಾರರಾಗಿ' ಎಂದು ಅಡ್ಡ ಬರುತ್ತದೆ. ನಾವು ಅದನ್ನು ಗೋಡೆ ಅನ್ನುತ್ತಿದ್ದೆವು. ತೊಂದರೆ ಏನೆಂದರೆ, ನಮ್ಮ ವರದಿಗಾರರಿಗೆ ಇಷ್ಟು ವರ್ಷ ಕಲಿಸಿದ್ದೇ ಮುಖ್ಯವಾದದ್ದನ್ನೆಲ್ಲ ಮೊದಲ ಪ್ಯಾರಾದಲ್ಲಿ ಹೇಳಿಬಿಡಿ ಅಂತ. ಹಾಗಾಗಿ ಪುಕ್ಕಟೆ ಭಾಗದಲ್ಲೇ ಊಟ ಮುಗಿಯುತ್ತಿತ್ತು, ಗೋಡೆಯ ಹಿಂದೆ ಎಲೆ ಮಾತ್ರ. ಇದು ತಿಳಿದ ಪ್ರಣವ್ ಎಲ್ಲ ವರದಿಗಾರರಿಗೂ ಹೇಳಿಕಳಿಸಿದರು: ಮುಖ್ಯವಾದದ್ದನ್ನು ಕೆಳಗಿಡಿ. ವರದಿಗಾರರು ತಲೆ ಕೆರೆದುಕೊಂಡರು, ಆದರೂ ಹಾಗೇ ಬರೆಯತೊಡಗಿದರು.

ಚಳ್ಳಕೆರೆಯಲ್ಲಿ ಎಣ್ಣೆ ಮಿಲ್ಲುಗಳ ಕಡೆಗೆ ಒಂದು ಓದುವ ಕೊಠಡಿ ಇತ್ತು. ಡಿಗ್ರಿ ಮುಗಿಸಿ ಸ್ಪರ್ಧಾತ್ಮಕ ಪರೀಕ್ಷೆಗೆ ಕೂರುವ ಹುಡುಗ ಹುಡುಗಿಯರು ಸೇರಿ ಬಾಡಿಗೆಗೆ ಹಿಡಿದದ್ದು. ಲಾವಣ್ಯ ಅಲ್ಲಿಗೆ ಮೇಲಿಂದ ಮೇಲೆ ಹೋಗುತ್ತಿದ್ದಳು. ಚಂದಾ ಅಂದರೆ ನಗುತ್ತಿದ್ದರು. ಅವರಲ್ಲಿ ಓಬಳೇಶ ಎಂಬುವನೊಬ್ಬ, ಕೊಂಡ್ಲಹಳ್ಳಿಯವನು, ಬಿ.ಎಸ್ಸಿ. ಮುಗಿಸಿದ್ದ. ಅವನು ನೇರವಾಗಿಯೇ ಹೇಳಿದ್ದ: "ಪರೀಕ್ಷೆಗೆ ಬೇಕಾಗಿರೋದು ಎಲ್ಲಾ ಪುಕ್ಕಟೆ ಸಿಗುತ್ತೆ ಅಕ್ಕ. ನಿಮ್ಮ ಪೇಪರ್‌ಗೆ ಯಾಕೆ ಕೊಡ್ಬೇಕು?" ಅವಳು ಬಂದು ಅದನ್ನೇ ನನ್ನನ್ನು ಕೇಳಿದಳು. ನಾಳೆ ಮತ್ತೆ ಹೋಗಿ ನೋಡು ಅಂದೆ.

ಹೀಗಿರುವಾಗ ಒಂದು ಸಂಜೆ ಕೊಂಡ್ಲಹಳ್ಳಿಯ ಹತ್ತಿರ ಒಂದು ಖಾಸಗಿ ಬಸ್ಸು ಮಗುಚಿತು. ಸುದ್ದಿ ನಮ್ಮ ಪತ್ರಿಕೆಯಲ್ಲೇ ಮೊದಲು ಬಂತು. ಓಬಳೇಶನ ತಂಗಿ ಅದೇ ಬಸ್ಸಿಗೆ ಹತ್ತಿದ್ದಳು, ಅವಳ ಫೋನು ಹೋಗುತ್ತಿರಲಿಲ್ಲ. ಅವನು ಓದುವ ಕೊಠಡಿಯಲ್ಲಿ ನಿಂತು ಸುದ್ದಿ ತೆರೆದ. ಬಸ್ಸು ಮಗುಚಿದೆ, ಹಲವರಿಗೆ ಗಾಯ, ಗಾಯಗೊಂಡವರ ಹೆಸರು ಹೀಗಿದೆ ಎಂಬಲ್ಲಿಗೆ ಸರಿಯಾಗಿ ಗೋಡೆ ಬಂತು. ಚಂದಾ ಕಟ್ಟಲು ಹೋದರೆ ಅವಸರದಲ್ಲಿ ಮೂರು ಸಲ ತಪ್ಪಾಯಿತಂತೆ. ಕೊನೆಗೆ ಲಾವಣ್ಯಳಿಗೆ ಫೋನ್ ಮಾಡಿದ.

"ಅಕ್ಕ, ಗೋಡೆ ಹಿಂದ್ಗಡೆ ನನ್ ತಂಗಿ ಹೆಸರೈತಾ ನೋಡ್ರಿ. ಬೇಗ ನೋಡ್ರಿ."

ಅವಳು ಮೊಳಕಾಲ್ಮುರಿನ ಮನೆಯಲ್ಲಿದ್ದಳು. ಹೆಸರುಗಳನ್ನೆಲ್ಲ ಓದಿ ಹೇಳಿದಳು. ತಂಗಿಯ ಹೆಸರಿರಲಿಲ್ಲ. ಅಷ್ಟಕ್ಕೇ ಬಿಡದೆ, "ಫೋನ್ ಇಡು, ಇಲ್ಲಿನ ಆಸ್ಪತ್ರೆಗೆ ಹೋಗಿ ನಾನೇ ನೋಡ್ತೀನಿ" ಎಂದು ಗಂಡನನ್ನು ಮಗ್ಗದಿಂದ ಎಬ್ಬಿಸಿ, ಅವನ ಗಾಡಿಯಲ್ಲಿ ಹೋದಳು. ಹುಡುಗಿ ಆಸ್ಪತ್ರೆಯ ಕಟ್ಟೆಯ ಮೇಲೆ ಕೂತಿದ್ದಳು, ಮೊಣಕೈ ತರಚಿತ್ತು, ಫೋನು ಬಸ್ಸಿನಲ್ಲೇ ಎಲ್ಲೋ ಬಿದ್ದುಹೋಗಿತ್ತು. ಲಾವಣ್ಯ ತನ್ನ ಫೋನಿನಲ್ಲೇ ಅಣ್ಣ ತಂಗಿ ಮಾತಾಡುವಂತೆ ಮಾಡಿದಳು.

ಮಾರನೇ ದಿನ ನಾನು ಲಾವಣ್ಯಳ ಜೊತೆ ಆ ಓದುವ ಕೊಠಡಿಗೆ ಹೋದೆ. ಓಬಳೇಶ ಅವಳಿಗೆ ಕೈ ಮುಗಿದ, ನನ್ನನ್ನು ನೋಡಿ ಸಿಡುಕಿದ. "ಜನದ ಹೆಸರು ಬಚ್ಚಿಟ್ಕೊಂಡು ದುಡ್ಡು ಕೇಳ್ತೀರಲ್ರೀ, ಹೆಂಗ್ರೀ ಮನಸ್ಸು ಬರ್ತೈತೆ?" ನನಗೆ ನಾಚಿಕೆಯಾಯಿತು. ಅವನ ಮಾತು ನಿಜ ಅನ್ನಿಸಿತು. ಸುದ್ದಿಗೆ ಬೆಲೆ ಬರುವುದೇ ಇಂಥ ಹೊತ್ತಿನಲ್ಲಿ ಎಂದು ಪ್ರಣವ್ ಆಗಾಗ ಹೇಳುತ್ತಿದ್ದ ಮಾತೂ ಸುಳ್ಳಲ್ಲ ಅನ್ನಿಸಿತು. ಎರಡೂ ನಿಜವಾದರೆ ಏನು ಮಾಡಬೇಕು ಎಂದು ಯಾರೂ ನನಗೆ ಕಲಿಸಿರಲಿಲ್ಲ.

ವಿಚಿತ್ರ ನೋಡಿ, ಅಷ್ಟು ಬೈದ ಹುಡುಗರೇ ಆ ವಾರ ಚಂದಾ ಕಟ್ಟಿದರು. ಒಂದೇ ಒಂದು ಚಂದಾ. ನಮ್ಮ ಕಡೆ ಹೆಂಗಸರು ಕೂಡಿ ಚೀಟಿ ಹಾಕುತ್ತಾರಲ್ಲ, ಹಾಗೆ. ಈ ತಿಂಗಳು ಒಬ್ಬರು ಕಟ್ಟುವುದು, ಮುಂದಿನ ತಿಂಗಳು ಇನ್ನೊಬ್ಬರು. ಪಾಸ್‌ವರ್ಡು ಕೊಠಡಿಯ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿತ್ತು, ಇಡೀ ಕೊಠಡಿ ಓದುತ್ತಿತ್ತು. ಮೊಳಕಾಲ್ಮುರಿನಲ್ಲೂ ನೇಕಾರರ ಮನೆಗಳ ಓದಿದ ಮಕ್ಕಳು ಇದನ್ನೇ ಮಾಡಿದರು. ಅಮಾವಾಸ್ಯೆಯ ದಿನ ಮಗ್ಗಗಳಿಗೆ ರಜೆ. ಅವತ್ತು ಬೀದಿಯ ಒಂದು ಜಗುಲಿಯಲ್ಲಿ ಎಲ್ಲ ಸೇರಿ, ಮುಂದಿನ ಅಮಾವಾಸ್ಯೆಯವರೆಗೆ ಯಾರ ಪಾಳಿ ಎಂದು ತೀರ್ಮಾನ ಮಾಡುತ್ತಿದ್ದರು.

ಬೆಂಗಳೂರಿನಲ್ಲಿ ಇದು ಕಳ್ಳತನ ಎಂದು ಕಂಡಿತು. ಒಂದೇ ಹೆಸರಿನಲ್ಲಿ ಇಷ್ಟೊಂದು ಫೋನು! ಪ್ರಣವ್ ಕಾರು ಹತ್ತಿ ಬಂದೇಬಿಟ್ಟರು. ನಾನೂ ಲಾವಣ್ಯಳೂ ಅವರನ್ನು ಓದುವ ಕೊಠಡಿಗೆ ಕರೆದುಕೊಂಡು ಹೋದೆವು.

"ಇಲ್ಲಿ ಚಂದಾದಾರರು ಯಾರು?" ಎಂದು ಪ್ರಣವ್ ಕೇಳಿದರು.

ಎಲ್ಲರೂ ಕೈ ಎತ್ತಿದರು.

"ಒಬ್ಬರೇ ಅಲ್ವಾ ಇರೋದು?"

"ಈ ತಿಂಗಳು ನಂದು ಸಾರ್" ಎಂದಳು ಒಬ್ಬ ಹುಡುಗಿ. "ಬರೋ ತಿಂಗಳು ಓಬಳೇಶಂದು. ಯಾರೂ ತಪ್ಪಿಸಿಲ್ಲ ಸಾರ್, ಬೇಕಾದ್ರೆ ಅಕ್ಕನ್ನ ಕೇಳ್ರಿ."

ಅವರ ಮುಖದಲ್ಲಿ ಕಳ್ಳರ ಕಳೆಯೇ ಇರಲಿಲ್ಲ. ದುಡ್ಡು ಕೊಟ್ಟು ಓದುತ್ತೇವೆ ಎಂಬ ಜಂಬ ಇತ್ತು. ಪ್ರಣವ್ ಹೊರಗೆ ಬಂದು, ಕಾರಿನ ಹತ್ತಿರ ನಿಂತು, "ತಿಪ್ಪೇಸ್ವಾಮಿ ಸರ್, ಇವರು ಗಿರಾಕಿಗಳೋ ಕಳ್ಳರೋ, ನೀವೇ ಹೇಳಿ" ಎಂದರು.

"ನನಗೂ ತಿಳೀತಿಲ್ಲ ಸಾರ್. ಹಿಂದೆ ಕಟಿಂಗ್ ಶಾಪಿನ ಒಂದು ಪೇಪರನ್ನ ಅರ್ಧ ಊರು ಓದ್ತಿತ್ತು. ನಮ್ಮ ಪತ್ರಿಕೆಗೆ ಇಷ್ಟು ಲಕ್ಷ ಓದುಗರು ಅಂತ ಅವರನ್ನೂ ಸೇರಿಸಿಯೇ ಜಾಹೀರಾತಿನೋರಿಗೆ ತೋರಿಸ್ತಿದ್ವಿ. ಈಗ ಅದೇ ಕೆಲಸ ಫೋನಲ್ಲಿ ಮಾಡಿದ್ರೆ ಕಳ್ಳತನ ಅಂತೀವಿ. ಎಲ್ಲಿಂದ ಬದಲಾಯ್ತು ಅಂತ ನನಗೆ ಗೊತ್ತಾಗ್ಲಿಲ್ಲ."

ನನ್ನ ಮಾತನ್ನು ಅವರು ಫೋನಿನಲ್ಲಿ ಬರೆದುಕೊಂಡರು. ಒಳ್ಳೆಯವರೇ, ಆದರೆ ಅವರ ಮೇಲೂ ಒಬ್ಬರಿದ್ದರು. ವಾಪಸು ಹೋದ ಮೇಲೆ ಒಂದು ಹೆಸರಿಗೆ ಒಂದೇ ಫೋನು ಎಂದು ಆಯಿತು. ಕೊಠಡಿಯವರ ಫೋನುಗಳು, ಜಗುಲಿಯವರ ಫೋನುಗಳು ಎಲ್ಲ ಒಂದೇ ಬೆಳಿಗ್ಗೆ ಬಂದ್. ಲಾವಣ್ಯಳ ಕರಾರು ಮುಗಿಯಲು ಇನ್ನು ಕೆಲವೇ ವಾರ ಉಳಿದಿತ್ತು. ಅವಳ ಲೆಕ್ಕಕ್ಕೆ ಬಂದ ಚಂದಾದಾರರನ್ನು ಒಂದು ಆಟೋದಲ್ಲಿ ಕೂರಿಸಬಹುದಾಗಿತ್ತು.

ಬೈಗುಳ ತಿನ್ನಲು ತಯಾರಾಗಿಯೇ ನಾವಿಬ್ಬರೂ ಕೊಠಡಿಗೆ ಹೋದೆವು. ಓಬಳೇಶ ಬೈಯಲಿಲ್ಲ. ಲಾವಣ್ಯಳನ್ನೇ ನೋಡುತ್ತಾ, "ಯಾಕಕ್ಕ, ಮುಖ ಹಿಂಗಾಗೈತೆ?" ಎಂದ. ಅವಳು ಮುಚ್ಚುಮರೆ ಇಲ್ಲದೆ ಹೇಳಿದಳು, ಇಷ್ಟು ಹೆಸರು ಆಗದಿದ್ದರೆ ಕೆಲಸ ಇಲ್ಲ ಅಂತ. ಅವರೆಲ್ಲ ಮೂಲೆಗೆ ಹೋಗಿ ಪಿಸುಪಿಸು ಮಾತಾಡಿಕೊಂಡರು. ಬಂದು ಹೇಳಿದ್ದು ಇಷ್ಟೇ: "ಒಬ್ಬೊಬ್ರೂ ಒಂದೊಂದು ಹೆಸರು ಬರೆಸ್ತೀವಿ ಅಕ್ಕ. ಪೂರ್ತಿ ವರ್ಷದ್ದು."

ಅವಳಿಗೆ ನಂಬಲಾಗಲಿಲ್ಲ. "ಎಲ್ರೂ ಓದ್ತೀರಾ?"

"ಓದೋದು ಒಬ್ರೇ ಅಕ್ಕ, ಉಳಿದೋರಿಗೆ ಓದಿ ಹೇಳ್ತೀವಿ. ಹೆಸರು ನಿಮಗೋಸ್ಕರ."

ಮೊಳಕಾಲ್ಮುರಿಗೆ ಹೋಗುವ ಬಸ್ಸಿನಲ್ಲಿ ಅವಳು ನನ್ನನ್ನು ಕೇಳಿದಳು: "ಸಾರ್, ಇದನ್ನ ತಗೋಬಹುದಾ?" ಕಂಪನಿಯವರು ಹೆಸರು ಕೇಳಿದ್ದಾರೆ, ಓದುತ್ತಾರಾ ಎಂದು ಕೇಳಿಲ್ಲ ಅಂದೆ. ಹೇಳಿದ ಮೇಲೆ ಕೃಷ್ಣಮೂರ್ತಿ ಸಾಹೇಬರ ಹಾಗೆ ಮಾತಾಡಿದೆನಲ್ಲ ಅನ್ನಿಸಿ ಕಿಟಕಿಯ ಕಡೆ ತಿರುಗಿದೆ. ಅವಳ ಓಣಿಯಲ್ಲಿ ಅಷ್ಟರಲ್ಲಾಗಲೇ ಅತ್ತೆ ಕೆಲಸ ಶುರು ಮಾಡಿದ್ದರು. ಆ ಯಜಮಾನಿ ಕನ್ನಡ ಅಕ್ಷರ ಓದಿದವರಲ್ಲ. ಮನೆಮನೆಗೆ ಹೋಗಿ ಡಿಗ್ರಿ ಆದ ಮಕ್ಕಳನ್ನು ಹೆಸರು ಹಿಡಿದು ಕರೆದು, "ಇದಿ ಮಾ ಕೋಡಲಿ ಪೇಪರು" ಎನ್ನುತ್ತಿದ್ದರು. ನಮ್ಮ ಸೊಸೆಯ ಪೇಪರು ಇದು. ನಾನು ಇಷ್ಟು ವರ್ಷ ಮಾರಿದ ಪತ್ರಿಕೆಗೆ ದೊಡ್ಡ ದೊಡ್ಡವರು ದೊಡ್ಡ ದೊಡ್ಡ ಘೋಷವಾಕ್ಯ ಬರೆದಿದ್ದರು. ಅವು ಯಾವುವೂ ಈ ಮಾತಿನಷ್ಟು ಕೆಲಸ ಮಾಡಿದ್ದನ್ನು ನಾನು ನೋಡಿರಲಿಲ್ಲ. ಆ ಅಮಾವಾಸ್ಯೆ ಮುಗಿಯುವ ಹೊತ್ತಿಗೆ ಲಾವಣ್ಯಳಿಗೆ ಹೇಳಿದ್ದ ಸಂಖ್ಯೆ ದಾಟಿಹೋಯಿತು.

ಲಾವಣ್ಯ ಖಾಯಂ ಆದಳು. ಆದೇಶ ಬಂದ ದಿನ ಅವಳ ಗಂಡ ಮಗ್ಗ ನಿಲ್ಲಿಸಿ ಚಳ್ಳಕೆರೆಯವರೆಗೂ ಬಂದು ನನಗೆ ಶಾಲು ಹೊದಿಸಿದ. ಬೇಡ ಕಣಪ್ಪಾ ಅಂದರೂ ಕೇಳಲಿಲ್ಲ. ಅದಾದ ಕೆಲವೇ ದಿನಕ್ಕೆ ನಾನು ನಿವೃತ್ತನಾದೆ. ಹಟ ಈಡೇರಿತು ಎಂದು ಹಿಗ್ಗಿನಿಂದಲೇ ಮನೆಗೆ ಬಂದೆ. ಬೀಳ್ಕೊಡುಗೆಯಲ್ಲಿ ಪ್ರಣವ್ ಮಾತಾಡುತ್ತಾ, ಚಳ್ಳಕೆರೆ ಮೊಳಕಾಲ್ಮುರಿನ ಮಾದರಿ ರಾಜ್ಯಕ್ಕೇ ಮಾದರಿ ಎಂದರು. ಆ ಮಾದರಿ ಯಾವುದು ಎಂದು ಪಕ್ಕದಲ್ಲಿದ್ದವರು ನನ್ನ ಕಿವಿಯಲ್ಲಿ ಕೇಳಿದರು. ಚಪ್ಪಾಳೆ ಜೋರಾಗಿದ್ದರಿಂದ ಉತ್ತರ ಕೊಡುವುದು ತಪ್ಪಿತು.

ಇಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಹೊಸಬರು ಇದನ್ನು ತಿಳಿದಿರಬೇಕು: ಕರಾರಿನವರಿಗೆ ವರ್ಗಾವಣೆ ಇಲ್ಲ, ಖಾಯಂ ಆದವರಿಗೆ ಇದೆ. ನಾನು ಅಷ್ಟು ವರ್ಷ ಅದೇ ಕಂಪನಿಯಲ್ಲಿದ್ದು ಈ ಒಂದು ಸಂಗತಿ ಅವಳ ವಿಷಯದಲ್ಲಿ ಹೊಳೆಯಲೇ ಇಲ್ಲ. ಇಷ್ಟು ಚೆನ್ನಾಗಿ ಮಾಡಿದವಳು ಬೇರೆ ಕಡೆಯೂ ಇದನ್ನೇ ಮಾಡಲಿ ಎಂದು ಅವಳನ್ನು ಹಾವೇರಿಗೆ ಹಾಕಿದರು. ಶಿಕ್ಷೆ ಅಲ್ಲ, ಮೆಚ್ಚುಗೆ. ಸಂಬಳವನ್ನೂ ಸ್ವಲ್ಪ ಏರಿಸಿದ್ದರು. ನಾನು ಪ್ರಣವ್‌ಗೆ ಫೋನ್ ಮಾಡಿ ಬೇಡಿಕೊಂಡೆ. "ಅವಳ ಬೆಳವಣಿಗೆಗೆ ಅಡ್ಡ ಬರಬೇಡಿ ಸರ್" ಎಂದು ಅವರು ಪ್ರೀತಿಯಿಂದಲೇ ಹೇಳಿದರು. ನನಗೆ ಸಿಟ್ಟು ಬಂತು, ಅವರ ಮೇಲೋ ನನ್ನ ಮೇಲೋ ತಿಳಿಯಲಿಲ್ಲ.

ಕೆಲಸ ಬಿಟ್ಟರೆ ಮಗ್ಗ ಮುಚ್ಚಬೇಕು. ಹೋದರೆ ಮನೆ ಬಿಡಬೇಕು. ಲಾವಣ್ಯ ಹೋದಳು. ಗಂಡ ಇಲ್ಲಿ ಮಗ್ಗದ ಗುಂಡಿಯಲ್ಲಿ, ಅವಳು ಅಲ್ಲಿ ಒಂದು ಬಾಡಿಗೆ ಕೋಣೆಯಲ್ಲಿ. ವಾರಕ್ಕೊಮ್ಮೆ ಬಸ್ಸು ಬದಲಿಸಿ ಬದಲಿಸಿ ಬರುತ್ತಾಳೆ, ಬಂದ ದಿನವೇ ಹೊರಡುವ ಚಿಂತೆ. ಅವಳ ಅತ್ತೆ ಒಮ್ಮೆ ಸಂತೆಯಲ್ಲಿ ಸಿಕ್ಕಾಗ ನನ್ನ ಹತ್ತಿರ ಮಾತಾಡಲಿಲ್ಲ. ಮಾತಾಡದಿದ್ದದ್ದು ನ್ಯಾಯವೇ ಅನ್ನಿಸಿತು.

ವರ್ಷ ತುಂಬಿ ಚಂದಾ ಮತ್ತೆ ಕಟ್ಟುವ ಕಾಲ ಬಂತು. ಕೊಠಡಿಯವರು ಕಟ್ಟಲಿಲ್ಲ. ಜಗುಲಿಯವರೂ ಕಟ್ಟಲಿಲ್ಲ. ಎರಡೂ ತಾಲ್ಲೂಕಿನಲ್ಲಿ ಒಬ್ಬರೂ ಇಲ್ಲ. ಪ್ರಣವ್ ಗಾಬರಿಯಿಂದ ನನಗೆ ಫೋನ್ ಮಾಡಿದರು: "ಎಲ್ಲಾ ಒಟ್ಟಿಗೆ ಬಿಟ್ಟುಬಿಟ್ಟಿದ್ದಾರಲ್ಲ ಸರ್, ಅಲ್ಲಿ ಪತ್ರಿಕೆಯ ಮೇಲೆ ಏನಾದರೂ ಸಿಟ್ಟಾ?" ಪತ್ರಿಕೆಯ ಮೇಲೆ ಸಿಟ್ಟಿಲ್ಲ, ಅದು ಈಗ ಹಾವೇರಿಯಲ್ಲಿದೆ ಎಂದು ತಿಳಿದಿದ್ದಾರೆ ಅಂದೆ. ಅವರಿಗೆ ಅರ್ಥವಾಗಲಿಲ್ಲ. ನೆಟ್‌ವರ್ಕ್ ಸರಿಯಿಲ್ಲವೇನೋ ಎಂದು ಮತ್ತೆ ಮತ್ತೆ ಹಲೋ ಅಂದರು.

ಹೋದ ವಾರ ಲಾವಣ್ಯ ಹಾವೇರಿಯಿಂದ ಫೋನ್ ಮಾಡಿದ್ದಳು. ಅಲ್ಲಿಯೂ ನಿಧಾನಕ್ಕೆ ಹುಡುಗ ಹುಡುಗಿಯರ ಪರಿಚಯವಾಗಿದೆಯಂತೆ, ಅಲ್ಲಿಯೂ ಯಾರಿಗೋ ಆಸ್ಪತ್ರೆಗೆ, ಯಾರಿಗೋ ಪರೀಕ್ಷೆ ಅರ್ಜಿಗೆ ಓಡಾಡಿದ್ದಾಳೆ. ಕೊನೆಗೆ ಒಬ್ಬ ಹುಡುಗಿ ಚಂದಾ ಕಟ್ಟಲು ಫೋನು ಕೈಗೆ ತೆಗೆದುಕೊಂಡು, ಕಟ್ಟುವ ಮೊದಲು ತಲೆ ಎತ್ತಿ ಕೇಳಿದಳಂತೆ: "ಅಕ್ಕಾ, ನೀವು ಇಲ್ಲೇ ಇರ್ತೀರೇನ್ರಿ?"

"ಏನು ಹೇಳ್ಲಿ ಸಾರ್? ಅವ್ಳು ಇನ್ನೂ ಎದುರಿಗೇ ನಿಂತವ್ಳೆ" ಎಂದಳು ಲಾವಣ್ಯ.

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿಕೊಂಡೆ.